ಬೂತಿನ ಕಿಂಡಿಯಿಂದ: ನೆಲಕಚ್ಚಿ ಎದ್ದ ಚಿತ್ರಗಳು

ಹೋದ ತಿಂಗಳು ಈ ಅಂಕಣದಲ್ಲಿ, ಬಿಡುಗಡೆಯಾದಾಗ ತೋಪಾಗಿ ಆಮೇಲೆ ಜನ ತಲೆ ಮೇಲೆ ಹೊತ್ತುಕೊಂಡ ಚಿತ್ರಗಳ ಬಗ್ಗೆ ಒಂದೆರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಅದೇ ವಿಷಯ.

ಹೊಸದಾಗಿ ಓದುವವರಿಗೆ ನನ್ನ ಪರಿಚಯ. ಊರು ಮರವಂತೆ. 1966ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಮುಂಬಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಮಾಣಿಯಾಗಿ ಬಂದೆ. ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಮುಗಿಸಿದೆ. 1970ರಲ್ಲಿ ಒಂದು ಟಾಕೀಸಿನ ಪ್ರೊಜೆಕ್ಷನ್ ಬೂತಿಗೆ ಹೆಲ್ಪರ್ ಆಗಿ ಸೇರಿ, 2008ರಲ್ಲಿ ಆಪರೇಟರ್ ಆಗಿ ನಿವೃತ್ತನಾದೆ. ನಾನು ಚಿತ್ರ ನೋಡಿದ್ದೆಲ್ಲ ಬೂತಿನ ಕಿಂಡಿಯಿಂದ. ಚಿತ್ರ ನೋಡುವ ಜನರ ತಲೆಗಳನ್ನು ನೋಡಿದ್ದೂ ಅಲ್ಲಿಂದಲೇ.

ಪ್ರಶ್ನೆ: ಗುರುದತ್ ಅವರ ‘ಕಾಗಜ್ ಕೆ ಫೂಲ್’ ಚಿತ್ರವನ್ನು ಮೊನ್ನೆ ಮೊಬೈಲಿನಲ್ಲಿ ನೋಡಿ ಅತ್ತುಬಿಟ್ಟೆ. ಆದರೆ ಬಿಡುಗಡೆಯಾದಾಗ ಅದು ನೆಲಕಚ್ಚಿತ್ತಂತೆ. ಇಷ್ಟು ಒಳ್ಳೆಯ ಚಿತ್ರ ಯಾಕೆ ಬಿತ್ತು? ಬಿದ್ದದ್ದು ಹೇಗೆ ಎದ್ದಿತು? (ಓದುಗರೊಬ್ಬರು, ಡೊಂಬಿವಲಿ)

ಉತ್ತರ: ಈ ಚಿತ್ರದ ಬಗ್ಗೆ ಕೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಗುರುದತ್ ಹುಟ್ಟಿದ್ದು 1925ರಲ್ಲಿ, ಬೆಂಗಳೂರಿನಲ್ಲಿ. ಮನೆತನದ ಹೆಸರು ಪಡುಕೋಣೆ. ಆ ಊರು ನಮ್ಮ ಮರವಂತೆಯ ಪಕ್ಕದಲ್ಲೇ ಇದೆ. ಹಾಗಾಗಿ ನನಗೆ ಅವರು ನಮ್ಮ ಕಡೆಯವರು ಅನ್ನುವ ಅಭಿಮಾನ ಸ್ವಲ್ಪ ಜಾಸ್ತಿಯೇ.

1959ರಲ್ಲಿ ಚಿತ್ರ ಬಂದಾಗ ನನಗೆ ಏಳು ವರ್ಷ. ಮೊದಲ ಬಿಡುಗಡೆ ನೋಡಿದವರು ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರ್. ಜನ ಇಂಟರ್ವಲ್ ಆದಮೇಲೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು ಅಂತ ಅವರು ಹೇಳುತ್ತಿದ್ದರು. ಅದಕ್ಕೆ ಎರಡು ವರ್ಷ ಮೊದಲು, 1957ರಲ್ಲಿ, ಇದೇ ಗುರುದತ್ ಅವರ ‘ಪ್ಯಾಸಾ’ ಚೆನ್ನಾಗಿ ಓಡಿತ್ತು. ಅದೂ ದುಃಖದ ಕಥೆಯೇ. ಆದರೆ ಅಲ್ಲಿ ಹೀರೋ ಬಡ ಕವಿ, ಹಸಿದವನು, ಬೆಂಚಿನ ಮೇಲೆ ಮಲಗುವವನು. ಒಂದು ಖೋಲಿಯಲ್ಲಿ ಎಂಟು ಜನ ಮಲಗುತ್ತಿದ್ದ ಮುಂಬಯಿಗೆ ಅವನು ನಮ್ಮವನು ಅನ್ನಿಸಿದ. ‘ಕಾಗಜ್ ಕೆ ಫೂಲ್’ನಲ್ಲಿ ಹೀರೋ ದೊಡ್ಡ ಸಿನಿಮಾ ನಿರ್ದೇಶಕ. ಸೂಟು, ಪೈಪು, ಕಾರು ಎಲ್ಲ ಇದ್ದವನು. ಸಂಸಾರ ಒಡೆದು, ಮಗಳು ದೂರವಾಗಿ, ಕುಡಿತಕ್ಕೆ ಬಿದ್ದು, ಕೊನೆಗೆ ಖಾಲಿ ಸ್ಟುಡಿಯೋದ ಕುರ್ಚಿಯಲ್ಲಿ ಸಾಯುತ್ತಾನೆ. ಎಂಟಾಣೆ ಕೊಟ್ಟು ಬಂದವನಿಗೆ ಆ ದುಃಖ ತುಂಬ ದೂರದ್ದಾಗಿ ಕಂಡಿತು. ನನ್ನ ಲೆಕ್ಕದಲ್ಲಿ ಚಿತ್ರ ಬಿದ್ದದ್ದು ಇದಕ್ಕೇ. ಜನರನ್ನು ಬೈಯುವುದು ಬೇಡ. ಅವರು ದುಡ್ಡು ಕೊಟ್ಟು ಬಂದವರು.

ಇನ್ನು ಎದ್ದದ್ದು ಹೇಗೆ? ನನ್ನ ಕಣ್ಣೆದುರು ಆದದ್ದನ್ನೇ ಹೇಳುತ್ತೇನೆ. ಎಂಬತ್ತರ ದಶಕದ ಒಂದು ಭಾನುವಾರ ಫಿಲ್ಮ್ ಸೊಸೈಟಿಯವರು ಬೆಳಗಿನ ಆಟಕ್ಕೆ ನಮ್ಮ ಟಾಕೀಸನ್ನು ಬಾಡಿಗೆಗೆ ಹಿಡಿದರು. ಹಿಂದಿನ ರಾತ್ರಿ ಪ್ರಿಂಟ್ ಬಂತು. ಪ್ರತಿ ರೀಲನ್ನೂ ಕೈಯಲ್ಲಿ ಬಿಡಿಸಿ, ಹರಿದಿದೆಯಾ, ಜಾಯಿಂಟ್ ಬಿಟ್ಟಿದೆಯಾ ಅಂತ ನೋಡುವುದು ನನ್ನ ಕೆಲಸ. ಇದು ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸ್ಕೋಪ್ ಪ್ರಿಂಟನ್ನು ಬಲ್ಬಿನ ಬೆಳಕಿಗೆ ಹಿಡಿದರೆ ಎಲ್ಲರೂ ಸಣಕಲಾಗಿ, ಉದ್ದುದ್ದವಾಗಿ ಕಾಣುತ್ತಾರೆ. ಅಗಲವಾದ ದೃಶ್ಯವನ್ನು ಅಕ್ಕಪಕ್ಕದಿಂದ ಒತ್ತಿ ಫಿಲ್ಮಿಗೆ ಇಳಿಸಿರುತ್ತಾರೆ. ಪ್ರೊಜೆಕ್ಟರಿನ ಮುಂದೆ ಬೇರೆ ಲೆನ್ಸ್ ಹಾಕಿದರೆ ಅದು ಮತ್ತೆ ಅಗಲವಾಗಿ ಪರದೆ ತುಂಬುತ್ತದೆ. ಚಿತ್ರದ ನಾಯಕಿ ವಹೀದಾ ರೆಹಮಾನ್ ನನ್ನ ಬೆರಳುಗಳ ನಡುವೆ ಒಂದು ಊದುಬತ್ತಿಯಷ್ಟು ತೆಳ್ಳಗೆ ನಿಂತಿದ್ದರು.

ಮಾರನೇ ಬೆಳಿಗ್ಗೆ ಗೀತಾ ದತ್ ಹಾಡಿದ ‘ವಕ್ತ್ ನೇ ಕಿಯಾ’ ಬಂತು. ಕತ್ತಲ ಸ್ಟುಡಿಯೋದಲ್ಲಿ ಮೇಲಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ಅದರ ಆಚೆ ಒಬ್ಬರು, ಈಚೆ ಒಬ್ಬರು. ಅದನ್ನು ತೆಗೆದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಸ್ಟುಡಿಯೋದ ದೀಪಗಳಿಂದ ಅಂಥ ಬೆಳಕು ಬರಲಿಲ್ಲ. ಹೊರಗಿನ ಬಿಸಿಲನ್ನೇ ಒಂದು ದೊಡ್ಡ ಕನ್ನಡಿಯಲ್ಲಿ ಹಿಡಿದು, ಒಳಗಿನ ಇನ್ನೊಂದು ಕನ್ನಡಿಗೆ ದಾಟಿಸಿ, ಅಲ್ಲಿಂದ ನೆಲಕ್ಕೆ ಬಿಟ್ಟರು. ಎರಡು ಕನ್ನಡಿ, ಒಬ್ಬ ಸೂರ್ಯ. ಅಷ್ಟೇ. ನಾನು ಕಿಂಡಿಯಲ್ಲಿ ನೋಡುತ್ತಿದ್ದೆ. ನನ್ನ ಪ್ರೊಜೆಕ್ಟರಿನ ಬೆಳಕು ಹಾಲ್ ದಾಟಿ ಹೋಗುತ್ತಿತ್ತು, ಅದರೊಳಗೆ ಧೂಳು ತೇಲುತ್ತಿತ್ತು. ಪರದೆಯ ಮೇಲೂ ಅದೇ ಧೂಳು, ಅದೇ ಬೆಳಕು. ಮೈ ಜುಂ ಅಂದಿತು. ಹಾಲಿನಲ್ಲಿ ಇನ್ನೂರು ಜನ ಇದ್ದರೇನೋ. ಒಬ್ಬರೂ ಕೆಮ್ಮಲಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಜನ ಎದ್ದು ಹೋದದ್ದು ಇದೇ ಚಿತ್ರದಿಂದ. ಒಂದು ಫ್ರೇಮೂ ಬದಲಾಗಿರಲಿಲ್ಲ. ಆದರೆ ಅಷ್ಟರಲ್ಲಿ ಗುರುದತ್ ತೀರಿಕೊಂಡು ಬಹಳ ಕಾಲವಾಗಿತ್ತು. 1964ರಲ್ಲಿ, ಬರೀ 39ನೇ ವಯಸ್ಸಿಗೆ. ಪರದೆಯ ಮೇಲೆ ಒಬ್ಬ ನಿರ್ದೇಶಕ ಸಾಯುವುದನ್ನು ನೋಡುವಾಗ ಜನ ಆ ಇನ್ನೊಬ್ಬನನ್ನೂ ನೆನೆಯುತ್ತಿದ್ದರು. ‘ಸುಖದಲ್ಲಿರುವವನಿಗೆ ಏನು ದುಃಖ’ ಅಂತ ಯಾರೂ ಕೇಳಲಿಲ್ಲ. ಹೀಗೆ ಸೊಸೈಟಿಗಳ ಆಟ, ದೂರದರ್ಶನ, ಹೊರದೇಶದ ಚಿತ್ರೋತ್ಸವ ಅಂತ ಒಂದೊಂದೇ ಮೆಟ್ಟಿಲು ಹತ್ತಿ ಚಿತ್ರ ಮೇಲೆ ಬಂತು. ಮೂರ್ತಿಯವರಿಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಕ್ಯಾಮೆರಾ ಹಿಡಿದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅವತ್ತು ನಾನು ಮನೆಯಲ್ಲಿ ಪಾಯಸ ಮಾಡಿಸಿದೆ.

ಒಂದು ಮಾತು. ಇದನ್ನು ಮೊಬೈಲಿನಲ್ಲಿ ನೋಡಿದ್ದೀರಿ, ಸರಿ. ಎಲ್ಲಿಯಾದರೂ ದೊಡ್ಡ ಪರದೆಯಲ್ಲಿ ಹಾಕಿದರೆ ರಜೆ ಹಾಕಿಯಾದರೂ ಹೋಗಿ.

ಪ್ರಶ್ನೆ: ನಮ್ಮ ಮನೆ ಆರ್.ಕೆ. ಸ್ಟುಡಿಯೋ ಇದ್ದ ಜಾಗದಿಂದ ಹತ್ತು ನಿಮಿಷ. ‘ಮೇರಾ ನಾಮ್ ಜೋಕರ್’ ರಾಜ್ ಕಪೂರ್ ಅವರನ್ನು ಸಾಲಗಾರರನ್ನಾಗಿ ಮಾಡಿತು ಅಂತ ನಮ್ಮ ಮಾವ ಹೇಳುತ್ತಿದ್ದರು. ಉದ್ದ ಜಾಸ್ತಿಯಾಯಿತು ಅನ್ನುವುದೊಂದೇ ಕಾರಣವಾ? (ಗೃಹಿಣಿ, ಚೆಂಬೂರ್)

ಉತ್ತರ: ನಿಮ್ಮ ಮಾವ ಹೇಳಿದ್ದು ನಿಜ ಅಮ್ಮ. ಚಿತ್ರಕ್ಕೆ ಸುಮಾರು ಆರು ವರ್ಷ ಹಿಡಿದಿತ್ತು, ಆಸ್ತಿ ಅಡವಿಟ್ಟಿದ್ದರು. 1970ರ ಡಿಸೆಂಬರ್‌ನಲ್ಲಿ ಬಿಡುಗಡೆ. ನಾನು ಬೂತಿಗೆ ಸೇರಿದ್ದು ಅದೇ ವರ್ಷ, ಹಾಗಾಗಿ ಇದು ನನಗೆ ನಿನ್ನೆ ನಡೆದ ಹಾಗೆ ನೆನಪಿದೆ. ಸಾಮಾನ್ಯ ಚಿತ್ರ ಅಂದರೆ ಹದಿನಾರು ಹದಿನೇಳು ರೀಲು. ಇದರ ಡಬ್ಬಿಗಳನ್ನು ಮೆಟ್ಟಿಲು ಹತ್ತಿಸಿ ಬೂತಿಗೆ ತರುವಷ್ಟರಲ್ಲಿ ನನ್ನ ಭುಜ ಬಿದ್ದುಹೋಯಿತು. ನಾಲ್ಕು ಗಂಟೆಗೂ ಮೇಲೆ. ಎರಡು ಇಂಟರ್ವಲ್.

ಬೂತಿನಲ್ಲಿ ಕೂತವನಿಗೆ ಚಿತ್ರ ಬಿದ್ದದ್ದು ಮೊದಲು ಕಿವಿಗೆ ಗೊತ್ತಾಗುತ್ತದೆ. ಟಾಕೀಸಿನ ಕುರ್ಚಿಯಿಂದ ಎದ್ದರೆ ಸೀಟು ‘ಟಪ್’ ಅಂತ ಮೇಲೆ ಮಡಚಿಕೊಳ್ಳುತ್ತದೆ. ಚಿತ್ರ ಹಿಡಿಸಿದರೆ ಆ ಸದ್ದು ಬರುವುದಿಲ್ಲ. ಈ ಚಿತ್ರಕ್ಕೆ ಎರಡನೇ ಇಂಟರ್ವಲ್ ಆದಮೇಲೆ ಟಪ್, ಟಪ್ ಅಂತ ಬರುತ್ತಲೇ ಇತ್ತು. ಅದರಲ್ಲೂ ರಾತ್ರಿ ಆಟಕ್ಕೆ. ಕೊನೆಯ ಲೋಕಲ್ ತಪ್ಪಿದರೆ ಬೊರಿವಲಿಗೆ, ಕಲ್ಯಾಣಕ್ಕೆ ಹೋಗುವುದು ಹೇಗೆ? ಚಿತ್ರ ಇಷ್ಟವಾದವರೂ ಗಡಿಯಾರ ನೋಡಿ ಓಡಿದರು. ಈ ಊರಿನಲ್ಲಿ ಚಿತ್ರದ ಉದ್ದವನ್ನು ಟ್ರೇನಿನ ಟೈಮಿಗೆ ಹೊಂದಿಸಬೇಕು.

ಆದರೆ ಉದ್ದವೊಂದೇ ಅಲ್ಲ. ಮೊದಲ ಭಾಗ, ಶಾಲೆಯ ಹುಡುಗ ಟೀಚರನ್ನು ಮನಸ್ಸಿನಲ್ಲೇ ಇಷ್ಟಪಡುವ ಭಾಗ ಇದೆಯಲ್ಲ, ಅದಕ್ಕೆ ಸಮನಾದ ಭಾಗ ಆಮೇಲೆ ಬರುವುದಿಲ್ಲ. ಹುಡುಗನಾಗಿ ಮಾಡಿದ ರಿಷಿ ಕಪೂರ್‌ಗೆ ಬಾಲನಟ ಅಂತ ರಾಷ್ಟ್ರ ಪ್ರಶಸ್ತಿ ಬಂತು. ಅಲ್ಲಿ ಹೃದಯ ತುಂಬಿಸಿಕೊಂಡವರಿಗೆ ಉಳಿದ ಎರಡು ಭಾಗ ಸಪ್ಪೆ ಅನ್ನಿಸಿತು. ಮುಂದೆ ಕತ್ತರಿಸಿ ಚಿಕ್ಕದು ಮಾಡಿ ಹಾಕಿದಾಗ ಜನ ಬಂದರು. ಸೋವಿಯತ್ ರಷ್ಯಾದಲ್ಲಂತೂ ಜನ ಮುಗಿಬಿದ್ದು ನೋಡಿದರು. ನಾನು ಮಾತ್ರ ಇವತ್ತಿಗೂ ಮೊದಲ ಭಾಗ ಮುಗಿದ ಕೂಡಲೇ ಟಿವಿ ಆರಿಸುತ್ತೇನೆ.

ಪ್ರಶ್ನೆ: ‘ಶೋಲೆ’ ಕೂಡ ಮೊದಲು ಫ್ಲಾಪ್ ಆಗಿತ್ತಂತೆ, ಹೌದಾ? ಹಾಗೇ ಈಗ ಹಳೆಯ ಚಿತ್ರಗಳನ್ನು ಮತ್ತೆ ಬಿಡುಗಡೆ ಮಾಡುವುದು ನಿಜವಾದ ಪ್ರೀತಿಯಾ, ಬರೀ ವ್ಯಾಪಾರವಾ? (ಸಾಫ್ಟ್‌ವೇರ್ ಉದ್ಯೋಗಿ, ಹಿಂಜವಡಿ, ಪುಣೆ)

ಉತ್ತರ: ಇಲ್ಲ ತಮ್ಮಾ. ಶೋಲೆಯನ್ನು ಈ ಪಟ್ಟಿಗೆ ಸೇರಿಸಬೇಡ. 1975ರ ಆಗಸ್ಟ್ 15ಕ್ಕೆ ಬಂತು. ಮೊದಲ ದಿನಗಳಲ್ಲಿ ಗಲ್ಲಾಪೆಟ್ಟಿಗೆ ತಣ್ಣಗಿತ್ತು, ಪೇಟೆಯಲ್ಲಿ ‘ಹೋಯ್ತು’ ಅಂದರು. ಕೊನೆಯಲ್ಲಿ ಅಮಿತಾಭ್ ಸಾಯುವುದನ್ನು ಬದಲಾಯಿಸಿ ಮತ್ತೆ ಶೂಟ್ ಮಾಡುವ ಮಾತೂ ನಡೆದಿತ್ತು. ಸದ್ಯ, ಮಾಡಲಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಹಾಲ್ ತುಂಬತೊಡಗಿತು. ಲ್ಯಾಮಿಂಗ್ಟನ್ ರೋಡಿನ ಮಿನರ್ವಾದಲ್ಲಿ ಐದು ವರ್ಷ ಓಡಿತು. ನಮ್ಮ ರಾಮನಗರದ ಬಂಡೆಗಳನ್ನು ಇಡೀ ದೇಶ ನೋಡಿದ್ದು ಹಾಗೆ. ನಿಧಾನವಾಗಿ ಕಾಯುವ ಹಂಚು ಅದು. ಫ್ಲಾಪ್ ಅಲ್ಲ.

ಎರಡನೇ ಪ್ರಶ್ನೆಗೆ ಉತ್ತರ: ವ್ಯಾಪಾರವೇ, ಇರಲಿ ಬಿಡು. ‘ತುಂಬಾಡ್’ 2018ರಲ್ಲಿ ಬಂದಾಗ ಹೆಚ್ಚು ಜನ ನೋಡಲಿಲ್ಲ. ಆಮೇಲೆ ಮನೆಯಲ್ಲಿ ಕೂತು ನೋಡಿದವರು ‘ಅಯ್ಯೋ, ಟಾಕೀಸಿನಲ್ಲಿ ನೋಡಬೇಕಿತ್ತು’ ಅಂದರು. 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಟ್ಟಾಗ ಮೊದಲ ಸಲಕ್ಕಿಂತ ಜಾಸ್ತಿ ದುಡ್ಡು ಬಂತು. ಕೊಂಕಣದ ಮಳೆಯನ್ನು ಅಷ್ಟು ಚೆನ್ನಾಗಿ ತೋರಿಸಿದ ಚಿತ್ರಕ್ಕೆ ಎರಡನೇ ಸಲ ನ್ಯಾಯ ಸಿಕ್ಕಿತಲ್ಲ, ನನಗೆ ಅಷ್ಟು ಸಾಕು.

ಪ್ರಶ್ನೆ: ಬರೀ ಹಿಂದಿಯದ್ದೇ ಹೇಳುತ್ತೀರಿ. ನಮ್ಮ ಕನ್ನಡದಲ್ಲಿ ಅಂಥ ಚಿತ್ರ ಇಲ್ಲವೇ? (ಓದುಗರು, ವಾಸ್ಕೋ, ಗೋವಾ)

ಉತ್ತರ: ನಿಮ್ಮ ಮಾತು ಸರಿ, ಒಪ್ಪಿಕೊಂಡೆ. ಹತ್ತಿರದ ಉದಾಹರಣೆ ‘ಉಳಿದವರು ಕಂಡಂತೆ’. 2014ರ ಮಾರ್ಚಿನಲ್ಲಿ ಬಂತು. ರಕ್ಷಿತ್ ಶೆಟ್ಟಿ ನಿರ್ದೇಶನ ಮಾಡಿದ ಮೊದಲ ಚಿತ್ರ. ಮಲ್ಪೆಯ ಕಡಲು, ದೋಣಿ, ಅಷ್ಟಮಿಯ ಹುಲಿವೇಷ, ಒಂದೇ ಘಟನೆಯನ್ನು ಬೇರೆ ಬೇರೆಯವರು ಕಂಡ ಹಾಗೆ ಹೇಳುವ ಕಥೆ. ಪತ್ರಿಕೆಗಳು ಹೊಗಳಿದವು. ಗಲ್ಲಾ ಮಾತ್ರ ತುಂಬಲಿಲ್ಲ. ಕಥೆ ನೇರವಾಗಿ ಹೋಗುವುದಿಲ್ಲ, ನೋಡುವವನೇ ತುಂಡುಗಳನ್ನು ಜೋಡಿಸಿಕೊಳ್ಳಬೇಕು. ಒಂದು ಸಲ ನೋಡಿದವರಿಗೆ ತಲೆಬುಡ ಗೊತ್ತಾಗಲಿಲ್ಲ. ಎರಡನೇ ಸಲ ನೋಡುವಷ್ಟು ದಿನ ಅದು ಟಾಕೀಸಿನಲ್ಲಿ ಇರಲೂ ಇಲ್ಲ.

ಆಮೇಲೆ ಹುಡುಗರು ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ನೋಡಿದರು. ಮಾತುಗಳು ಬಾಯಿಪಾಠವಾದವು. 2017ರಲ್ಲಿ ತಮಿಳಿನಲ್ಲಿ ‘ರಿಚಿ’ ಅಂತ ಮರಳಿ ಮಾಡಿದರು. ಮಂಗಳೂರು, ಉಡುಪಿ, ಕುಂದಾಪುರದ ಕನ್ನಡವನ್ನು ಹಾಸ್ಯಕ್ಕೆ ಮಾತ್ರ ಬಳಸುತ್ತಿದ್ದ ಕಾಲದಲ್ಲಿ, ಅದೇ ಕನ್ನಡದಲ್ಲಿ ನಮ್ಮವರು ಅಳುವುದನ್ನೂ ಕೊಲ್ಲುವುದನ್ನೂ ತೋರಿಸಿದ ಚಿತ್ರ ಅದು. ನನ್ನ ಮೊಮ್ಮಗ ಹುಟ್ಟಿ ಬೆಳೆದದ್ದು ಮೀರಾ ರೋಡಿನಲ್ಲಿ. ಅಜ್ಜನ ಊರಿನ ಮಾತು ಅವನಿಗೆ ಹಿಡಿಸಿದ್ದೇ ಈ ಚಿತ್ರದಿಂದ. ನಾನು ಹತ್ತು ವರ್ಷ ಹೇಳಿಕೊಟ್ಟರೂ ಬಾರದ್ದು ಎರಡೂವರೆ ಗಂಟೆಯಲ್ಲಿ ಬಂತು.

ಪ್ರಶ್ನೆ: ಒಂದು ಚಿತ್ರ ಕ್ಲಾಸಿಕ್ ಅಂತ ಯಾರು ತೀರ್ಮಾನ ಮಾಡುತ್ತಾರೆ, ಅಂಕಲ್? ವಿಮರ್ಶಕರಾ? (ಬಿ.ಎ. ವಿದ್ಯಾರ್ಥಿನಿ, ಮುಲುಂಡ್)

ಉತ್ತರ: ವಿಮರ್ಶಕರು ಹೇಳಬಹುದು ಮಗಳೇ. ಆದರೆ ಮತ್ತೆ ಮತ್ತೆ ನೋಡುವವರು ಮಾಡುತ್ತಾರೆ. ಮತ್ತೆ ನೋಡಬೇಕಾದರೆ ಅದು ಕೈಗೆ ಸಿಗಬೇಕು. ಇದನ್ನು ಮರೆಯಬೇಡ.

ಅಮೆರಿಕದ ಎರಡು ಚಿತ್ರದ ಕಥೆ ಕೇಳು. ‘ಇಟ್ಸ್ ಎ ವಂಡರ್‌ಫುಲ್ ಲೈಫ್’ 1946ರಲ್ಲಿ ಬಂದಾಗ ಹಾಕಿದ ಬಂಡವಾಳವೂ ಹುಟ್ಟಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸುವುದು ತಪ್ಪಿಹೋಯಿತು. ಟಿವಿ ಚಾನೆಲ್‌ಗಳಿಗೆ ಬಾಡಿಗೆ ಕೊಡದೆ ಹಾಕಬಹುದಾದ ಚಿತ್ರ ಸಿಕ್ಕಿತು. ಪ್ರತಿ ಕ್ರಿಸ್‌ಮಸ್‌ಗೆ ಹಾಕಿದರು. ಈಗ ಅದಿಲ್ಲದೆ ಅಲ್ಲಿಯವರಿಗೆ ಹಬ್ಬವೇ ಇಲ್ಲ. ‘ದಿ ಶಾಶಾಂಕ್ ರಿಡೆಂಪ್ಶನ್’ 1994ರದ್ದು. ಆಸ್ಕರ್‌ಗೆ ಏಳು ನಾಮನಿರ್ದೇಶನ, ಒಂದೂ ಸಿಗಲಿಲ್ಲ. ಟಾಕೀಸಿನಲ್ಲಿ ಖಾಲಿ ಕುರ್ಚಿ. ಬಾಡಿಗೆ ಕ್ಯಾಸೆಟ್ ಅಂಗಡಿ, ಆಮೇಲೆ ಟಿವಿ, ಇವೆರಡೇ ಅದನ್ನು ಎತ್ತಿ ಹಿಡಿದದ್ದು.

ನಮ್ಮಲ್ಲೂ ಹಾಗೇ. ‘ಜಾನೇ ಭೀ ದೋ ಯಾರೋ’, 1983. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಕುಂದನ್ ಶಾ ಅವರ ಮೊದಲ ಚಿತ್ರ. ಸರಕಾರದ ಚಲನಚಿತ್ರ ಸಂಸ್ಥೆಯಾದ ಎನ್‌ಎಫ್‌ಡಿಸಿಯ ದುಡ್ಡು, ಅದೂ ಏಳು ಲಕ್ಷದ ಒಳಗೆ. ಚಿತ್ರದಲ್ಲಿ ನಸೀರುದ್ದೀನ್ ಶಾ ಕೊರಳಿಗೆ ಹಾಕಿಕೊಂಡ ಕ್ಯಾಮೆರಾ ಅವರ ಸ್ವಂತದ್ದು, ಶೂಟಿಂಗ್ ವೇಳೆ ಅದೂ ಕಳುವಾಯಿತು. ಟಾಕೀಸಿನಲ್ಲಿ ಅದು ಬಂದದ್ದೂ ಹೋದದ್ದೂ ತುಂಬ ಜನಕ್ಕೆ ಗೊತ್ತಾಗಲಿಲ್ಲ. ಆಮೇಲೆ ದೂರದರ್ಶನದಲ್ಲಿ ಬಂತು. ನಮ್ಮ ಚಾಳಿನಲ್ಲಿ ಆಗ ಟಿವಿ ಇದ್ದದ್ದು ಎರಡೇ ಮನೆಯಲ್ಲಿ. ಬಾಗಿಲಲ್ಲಿ, ಕಿಟಕಿಯಲ್ಲಿ, ಮೊಗಸಾಲೆಯಲ್ಲಿ ಜನ. ಮಹಾಭಾರತ ನಾಟಕದ ನಡುವೆ ಹೆಣ ಎಳೆದಾಡುವ ಆ ಕೊನೆಯ ಭಾಗ ಬಂದಾಗ ಪಕ್ಕದ ಮನೆಯ ಅಜ್ಜಿ ನಕ್ಕೂ ನಕ್ಕೂ ಬಿಕ್ಕಳಿಕೆ ಹತ್ತಿ ನೀರು ಕುಡಿಸಬೇಕಾಯಿತು. ಸೇತುವೆ ಬೀಳುವುದು, ಬಿಲ್ಡರ್ ಮತ್ತು ಅಧಿಕಾರಿ ಕೈ ಸೇರಿಸುವುದು, ಇಬ್ಬರು ಬಡ ಫೋಟೋಗ್ರಾಫರುಗಳ ತಲೆಗೆ ಎಲ್ಲ ಕಟ್ಟುವುದು, ಇದೆಲ್ಲ ನಮ್ಮ ಮುಂಬಯಿಯವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ಪ್ರಶ್ನೆ: ನನ್ನ ಮಗ ಸಿನಿಮಾ ಎಡಿಟರ್. ಮೂರು ವರ್ಷ ದುಡಿದ ಮೊದಲ ಚಿತ್ರವನ್ನು ಒಂದೇ ವಾರಕ್ಕೆ ತೆಗೆದರು. ‘ಹತ್ತು ವರ್ಷ ಆದಮೇಲೆ ಇದನ್ನೇ ಕ್ಲಾಸಿಕ್ ಅಂತಾರೆ ನೋಡಮ್ಮ’ ಅನ್ನುತ್ತಾನೆ. ಸರಿಯಾಗಿ ಊಟ ಮಾಡುತ್ತಿಲ್ಲ. ಅವನಿಗೆ ಏನು ಹೇಳಲಿ, ಅಣ್ಣಾ? (ತಾಯಿ, ಥಾಣೆ)

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಸುಮ್ನೆ ಸಮಾಧಾನದ ಮಾತು ಹೇಳಲು ಮನಸ್ಸಾಗಲಿಲ್ಲ.

ಹತ್ತು ವರ್ಷದ ಮಾತು ಅವನು ಈಗ ಬಿಡಲಿ. ಆಗಬಹುದು, ಆಗದೆಯೂ ಇರಬಹುದು. ಅದನ್ನು ಕಾಯುತ್ತ ಕೂರುವುದು ಒಳ್ಳೆಯದಲ್ಲ. ‘ಕಾಗಜ್ ಕೆ ಫೂಲ್’ ಬಿದ್ದಮೇಲೆ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕ ಅಂತ ತಮ್ಮ ಹೆಸರು ಹಾಕಲಿಲ್ಲ. ಆ ಪೆಟ್ಟು ಅಷ್ಟು ಆಳ. ಆದರೆ ಕೆಲಸ ನಿಲ್ಲಿಸಲಿಲ್ಲ. ಮರುವರ್ಷವೇ ನಿರ್ಮಾಪಕರಾಗಿ, ನಟರಾಗಿ ‘ಚೌದವೀ ಕಾ ಚಾಂದ್’ ಮಾಡಿದರು, ಅದು ಜೋರಾಗಿ ಓಡಿತು. ರಾಜ್ ಕಪೂರ್ ಜೋಕರ್ ಸಾಲದಲ್ಲಿದ್ದಾಗಲೇ ‘ಬಾಬಿ’ ಮಾಡಿ 1973ರಲ್ಲಿ ಎದ್ದು ನಿಂತರು. ಕುಂದನ್ ಶಾ ಟಿವಿಗೆ ಹೋಗಿ ‘ನುಕ್ಕಡ್’, ‘ವಾಗ್ಲೆ ಕಿ ದುನಿಯಾ’ ಮಾಡಿ ಮನೆಮನೆಗೂ ಬಂದರು. ಸೋತ ಚಿತ್ರ ಮುಂದೆ ಯಾವತ್ತೋ ಗೆದ್ದದ್ದು ಬೇರೆ ವಿಷಯ. ಆ ದಿನಗಳನ್ನು ದಾಟಿಸಿದ್ದು ಮುಂದಿನ ಕೆಲಸ.

ಅವನಿಗೆ ಎರಡು ಮಾತು ಹೇಳಿ. ಮೊದಲನೆಯದು, ಊಟ, ನಿದ್ದೆ. ಇನ್ನೂ ಒಂದೆರಡು ವಾರ ಹೀಗೇ ಇದ್ದರೆ ಸಂಕೋಚ ಬಿಟ್ಟು ಡಾಕ್ಟರ ಹ‌ತ್ತಿರ ಕರೆದುಕೊಂಡು ಹೋಗಿ. ಎರಡನೆಯದು, ಆ ಚಿತ್ರದ ಮೂಲ ಫೈಲುಗಳು ಎಲ್ಲಿವೆ ಅಂತ ವಿಚಾರಿಸಲಿ. ನಿರ್ಮಾಪಕರಿಗೆ ಹೇಳಿ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಬೇರೆ ಕಡೆ ಇಡಿಸಲಿ. ಹಾರ್ಡ್ ಡಿಸ್ಕ್ ಕಪಾಟಿನಲ್ಲಿ ಇಟ್ಟರೂ ಕೆಡುತ್ತದೆ, ವರ್ಷಕ್ಕೊಮ್ಮೆ ಹಾಕಿ ನೋಡಬೇಕು. ಹತ್ತು ವರ್ಷ ಬಿಟ್ಟು ಯಾರೋ ಒಬ್ಬರು ಕೇಳಿಕೊಂಡು ಬಂದರೆ ಕೊಡಲು ಚಿತ್ರ ಇರಬೇಕಲ್ಲ.

ಪ್ರಶ್ನೆ: ಒಳ್ಳೆಯದು ಯಾವತ್ತಿದ್ದರೂ ಗೆದ್ದೇ ಗೆಲ್ಲುತ್ತದೆ, ಕಾಲವೇ ನ್ಯಾಯ ಕೊಡುತ್ತದೆ ಅಂತ ನನ್ನ ನಂಬಿಕೆ. ನೀವೇನಂತೀರಿ? (ನಿವೃತ್ತ ಶಿಕ್ಷಕರು, ಕೊಥ್ರೂಡ್, ಪುಣೆ)

ಉತ್ತರ: ಮಾಸ್ತರರೇ, ನಿಮ್ಮ ಮಾತಿಗೆ ನಾನು ಇಲ್ಲ ಅನ್ನಬೇಕಾಗಿದೆ. ಕ್ಷಮಿಸಿ. ಇದನ್ನು ನಾನು ಈವರೆಗೆ ಎಲ್ಲೂ ಬರೆದಿಲ್ಲ.

1978. ನನ್ನ ವಾರದ ರಜೆಯ ದಿನ. ಒಬ್ಬ ವಿತರಕರ ಗೋಡೌನಿನಲ್ಲಿ ಒಂದು ದಿನದ ಕೆಲಸ ಇದೆ, 25 ರೂಪಾಯಿ ಕೊಡುತ್ತಾರೆ ಅಂತ ಗೊತ್ತಿದ್ದವರು ಕರೆದರು. ಹೋದೆ. ಒಂದು ಚಿತ್ರದ ಹಕ್ಕಿನ ಅವಧಿ ಮುಗಿದಿತ್ತು. ಓಡದ ಚಿತ್ರ, ಕೇಳುವವರಿಲ್ಲ. ಗೋಡೌನಿಗೆ ಬಾಡಿಗೆ ಸುಮ್ನೆ ಕೊಡುವುದು ಯಾಕೆ? ಗುಜರಿಗೆ ಹಾಕುವ ಮೊದಲು ಯಾರೂ ಕದ್ದು ಆಟ ಹಾಕದ ಹಾಗೆ ರೀಲುಗಳನ್ನು ಕಡಿಯಬೇಕು. ಒಂದು ಮರದ ದಿಮ್ಮಿ, ಒಂದು ಕೊಡಲಿ. ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ತೆಗೆಯುವವರು ತೂಕಕ್ಕೆ ಕೊಳ್ಳುತ್ತಾರೆ.

ಕಡಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಬಿಗಿಯಾಗಿ ಸುತ್ತಿದ ರೀಲು ಒಂದೇ ಏಟಿಗೆ ತುಂಡಾಗುವುದಿಲ್ಲ. ಮೊದಲ ಏಟಿಗೆ ಕೊಡಲಿ ಸಿಕ್ಕಿಕೊಳ್ಳುತ್ತದೆ. ಎರಡನೇ ಏಟಿಗೆ ಸುರುಳಿ ಸುರುಳಿಯಾಗಿ ಹಾರುತ್ತದೆ, ಬಡಗಿಯ ಉಳಿಯಿಂದ ಹೆರಕಲು ಹಾರಿದ ಹಾಗೆ. ಊಟಕ್ಕೆ ಎದ್ದಾಗ ಅಂಗಿಗೆ ಒಂದು ತುಂಡು ಅಂಟಿತ್ತು. ಬಿಸಿಲಿಗೆ ಹಿಡಿದು ನೋಡಿದೆ. ಬಾವಿಯ ಹಗ್ಗ ಹಿಡಿದ ಒಬ್ಬಳು ಹೆಂಗಸು. ಯಾರೋ ಕರೆದ ಹಾಗೆ ತಲೆ ತಿರುಗಿಸುತ್ತಿದ್ದಾಳೆ.

ಒಂದು ಅಡಿ ಉದ್ದದ ತುಂಡು. ಅದರಲ್ಲಿ 16 ಚೌಕ. ಪರದೆಯ ಮೇಲೆ ಅದು ಒಂದು ಸೆಕೆಂಡೂ ಅಲ್ಲ. ಅವಳು ತಲೆ ಪೂರ್ತಿ ತಿರುಗಿಸುವುದರೊಳಗೆ ತುಂಡು ಮುಗಿಯುತ್ತದೆ. ಕರೆದವರು ಯಾರು, ಅವಳು ನಕ್ಕಳಾ, ಅತ್ತಳಾ, ನನಗೆ ಗೊತ್ತಿಲ್ಲ. ಉಳಿದ ಪ್ರಿಂಟುಗಳಿಗಾಗಿ ಹೋದಲ್ಲೆಲ್ಲ ವಿಚಾರಿಸಿದ್ದೇನೆ, ಇದೆ ಅಂದವರು ಇನ್ನೂ ಸಿಕ್ಕಿಲ್ಲ. ಮಾಡಿದವರ ಮನೆಯವರಿಗೆ ನೋವಾಗಬಾರದು ಅಂತ ಹೆಸರು ಬರೆಯುವುದಿಲ್ಲ. ಅದು ಒಳ್ಳೆಯ ಚಿತ್ರವಾಗಿತ್ತಾ? ನೋಡಿ ಹೇಳಲು ಯಾರಿಗೂ ಅವಕಾಶ ಉಳಿದಿಲ್ಲ. ಕಡಿದವರಲ್ಲಿ ನಾನೂ ಒಬ್ಬ.

ಕಾಲ ನ್ಯಾಯ ಕೊಡುವುದಿಲ್ಲ ಮಾಸ್ತರರೇ. ಯಾರಾದರೂ ಡಬ್ಬಿಯನ್ನು ಎತ್ತಿಟ್ಟರೆ ಮಾತ್ರ ಕಾಲಕ್ಕೆ ಒಂದು ಅವಕಾಶ. ಗೆದ್ದ ಚಿತ್ರಗಳೇ ಉಳಿದಿಲ್ಲ. ದೇಶದ ಮೊದಲ ಟಾಕಿ ‘ಆಲಂ ಆರಾ’, 1931, ಜನಜಂಗುಳಿ ಸೇರಿಸಿದ ಚಿತ್ರ. ಅದರ ಪ್ರಿಂಟ್ ಇಲ್ಲ. ನಮ್ಮ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’, 1934. ತಯಾರಾದದ್ದು ಇಲ್ಲೇ ಕೊಲ್ಹಾಪುರದಲ್ಲಿ. ಅದೂ ಇಲ್ಲ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಆ ಚಿತ್ರದಲ್ಲಿ ಹೇಗೆ ಮಾತಾಡಿದರು ಅಂತ ನಾನೂ ನೀವೂ ಕೇಳುವ ಹಾಗಿಲ್ಲ.

ನಿಮ್ಮ ಊರಿನಲ್ಲೇ, ಲಾ ಕಾಲೇಜ್ ರೋಡಿನಲ್ಲಿ, 1964ರಲ್ಲಿ ಶುರುವಾದ ಫಿಲ್ಮ್ ಆರ್ಕೈವ್ ಇದೆ. ಅದನ್ನು ಕಟ್ಟಿದವರು ಪಿ.ಕೆ. ನಾಯರ್. 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸುಮಾರು 12,000 ಚಿತ್ರ ಸೇರಿಸಿದ್ದರು. ಇದು ಹಿಟ್, ಇದು ಫ್ಲಾಪ್ ಅಂತ ಅವರು ಆರಿಸಲಿಲ್ಲ. ಸಿಕ್ಕಿದ್ದನ್ನೆಲ್ಲ ತಂದರು. ಇವತ್ತು ಬೇಡದ್ದು ನಾಳೆ ಬೇಕಾಗಬಹುದು ಅನ್ನುವುದು ಅವರಿಗೆ ತಿಳಿದಿತ್ತು. ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಅದೇ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದವರು. ಅವರ ಚಿತ್ರಗಳಲ್ಲಿ ಓಡಿದ್ದು ಕಡಿಮೆ, ಬಿದ್ದದ್ದೇ ಜಾಸ್ತಿ. ಈಗ ಸಿನಿಮಾ ಕಲಿಯುವ ಹುಡುಗರಿಗೆ ಅವೇ ಪಾಠ. ಹಾಗಂತ ಆರ್ಕೈವಿನಲ್ಲಿ ಇಟ್ಟದ್ದೆಲ್ಲ ಉಳಿಯಿತು ಅಂತಲೂ ಅಲ್ಲ. 2003ರ ಜನವರಿಯಲ್ಲಿ ಬೆಂಕಿ ಬಿದ್ದು ಪ್ರಭಾತ್ ಫಿಲ್ಮ್ ಕಂಪನಿಯ ಹಳೆಯ, ಬೇಗ ಬೆಂಕಿ ಹತ್ತುವ ನೈಟ್ರೇಟ್ ರೀಲುಗಳು ಸುಟ್ಟುಹೋದವು. ಆ ಸುದ್ದಿ ಬಂದ ದಿನ ಬೂತಿನಲ್ಲಿ ಆಟ ನಡೆಸುತ್ತ ಕಣ್ಣೀರು ಹಾಕಿದೆ.

ಪ್ರಶ್ನೆ: ನಮ್ಮ ಮಾವನವರು ಫಿಲ್ಮ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಅಟ್ಟದ ಮೇಲೆ ತುಕ್ಕು ಹಿಡಿದ ಮೂರು ರೀಲು ಡಬ್ಬಿ ಸಿಕ್ಕಿವೆ. ಹತ್ತಿರ ಹೋದರೆ ವಿನೆಗರ್ ವಾಸನೆ. ರದ್ದಿಯವನು 200 ರೂಪಾಯಿಗೆ ಕೇಳುತ್ತಿದ್ದಾನೆ. ಕೊಡಲಾ? (ಓದುಗಳು, ಗೋರೆಗಾಂವ್)

ಉತ್ತರ: ಕೊಡಬೇಡಿ ತಾಯಿ! ಈ ಪತ್ರಿಕೆ ಕೈಗೆ ಬರುವ ಮೊದಲೇ ಕೊಟ್ಟಿರಬಾರದು ಅಂತ ದೇವರಲ್ಲಿ ಬೇಡಿಕೊಂಡಿದ್ದೇನೆ.

ವಿನೆಗರ್ ವಾಸನೆ ಅಂದರೆ ಅದು ಅಸಿಟೇಟ್ ಫಿಲ್ಮ್, ಒಳಗಿನಿಂದ ಕೆಡುತ್ತಿದೆ. ಆದರೂ ಪೂರ್ತಿ ಹೋಗಿದೆ ಅಂತಲ್ಲ. ಅಟ್ಟದ ಮೇಲೆ ಸೆಕೆ ಜಾಸ್ತಿ, ಕೆಳಗೆ ಇಳಿಸಿ. ಮನೆಯಲ್ಲಿ ತಂಪಾಗಿರುವ ಕೋಣೆಯಲ್ಲಿ ಮಲಗಿಸಿ ಇಡಿ. ಅಡುಗೆ ಮನೆ, ದೇವರ ದೀಪ ಇವುಗಳಿಂದ ದೂರ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಆ ಹವೆ ಒಳಗೇ ಉಳಿದರೆ ಇನ್ನೂ ಬೇಗ ಕೆಡುತ್ತದೆ. ಸುರುಳಿ ಬಿಡಿಸಬೇಡಿ, ಒಣಗಿದ ಫಿಲ್ಮ್ ಹಪ್ಪಳದ ಹಾಗೆ ಮುರಿಯುತ್ತದೆ.

ಮೂರೂ ಡಬ್ಬಿಗೆ ಅದೇ ವಾಸನೆಯಾ ನೋಡಿ. ಯಾವುದಾದರೂ ಒಂದಕ್ಕೆ ಇಲ್ಲದಿದ್ದರೆ, ಅಂಟಂಟಾಗಿ ಕಂದು ಪುಡಿ ಉದುರುತ್ತಿದ್ದರೆ, ಅದು 1951ಕ್ಕೂ ಹಿಂದಿನ ನೈಟ್ರೇಟ್ ಇರಬಹುದು. ಅದು ಬೆಂಕಿಪೆಟ್ಟಿಗೆಗಿಂತ ಅಪಾಯ. ಮನೆಯೊಳಗೆ ಇಡಬಾರದು, ಲೋಕಲ್ ಟ್ರೇನಿನಲ್ಲಂತೂ ಒಯ್ಯಲೇಬಾರದು. ನೆರಳಿನ ಗ್ಯಾಲರಿಯಲ್ಲಿ ಒಂಟಿಯಾಗಿ ಇಟ್ಟು ಮಕ್ಕಳನ್ನು ದೂರ ಇಡಿ. ಪುಣೆಯ ಆರ್ಕೈವಿಗೆ ಪತ್ರ ನಾನೇ ಬರೆಯುತ್ತೇನೆ. ಡಬ್ಬಿಯ ಮುಚ್ಚಳದ ಮೇಲೆ ನಿಮ್ಮ ಮಾವನವರು ಪೆನ್ಸಿಲಿನಲ್ಲಿ ಏನಾದರೂ ಬರೆದಿದ್ದರೆ ಒರೆಸಬೇಡಿ, ಫೋಟೋ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಚಿತ್ರದ ಹೆಸರು ಅಲ್ಲೇ ಇರುತ್ತದೆ.

ನಾನು ಬರುವ ಶನಿವಾರ ಬೆಳಿಗ್ಗೆ ಖಾಲಿ ಇದ್ದೇನೆ. ನಿಮ್ಮ ಮನೆಯವರು ಒಪ್ಪಿದರೆ ಗೋರೆಗಾಂವಿಗೆ ಬಂದು ನೋಡುತ್ತೇನೆ. ಹತ್ತಿಯ ಕೈಗವಸು ನಾನೇ ತರುತ್ತೇನೆ. ನಾನು ಬರುವವರೆಗೆ ಡಬ್ಬಿ ತೆರೆಯಬೇಡಿ.